ಬದರೀನಾರಾಯಣರ ಇನ್ನೊಂದು ಗಾಳಿ

ಗವಿಪುರಂನ ಬದರೀನಾರಾಯಣರು ಮೂರು ವಾರದಿಂದ ಒಂದು ಕಡೆ ನೆಮ್ಮದಿಯಾಗಿ ಕೂತವರಲ್ಲ. ಪೇಪರ್ ಬಿಡಿಸಿ ಅರ್ಧಕ್ಕೇ ಮಡಚುತ್ತಿದ್ದರು. ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋಗಿ, ಏನೋ ನೆನಪಾದಂತೆ ವಾಪಸ್ ಬರುತ್ತಿದ್ದರು. ವಿಮಾ ಕಚೇರಿಯಲ್ಲಿ ಮೂವತ್ತೆರಡು ವರ್ಷ ಗುಮಾಸ್ತರಾಗಿದ್ದು ಹೋದ ವರ್ಷ ನಿವೃತ್ತರಾದ ಅವರನ್ನು ಕಾಡುತ್ತಿದ್ದದ್ದು ಒಂದೇ ಪ್ರಶ್ನೆ: ಸಮುದ್ರದ ಕೆಳಗೆ ಬೆನ್ನಿನ ಸಿಲಿಂಡರ್ ಕೈಕೊಟ್ಟರೆ ಉಸಿರಿಗೆ ಇನ್ನೊಂದು ಗಾಳಿ ಎಲ್ಲಿಂದ?

ಬೆನ್ನುನೋವಿಗೆಂದು ಐವತ್ತೆರಡರಲ್ಲಿ ಈಜು ಕಲಿಯಲು ಹೋದವರಿಗೆ ಕೊಳದಲ್ಲಿ ಸಿಕ್ಕಿದವನು ಧರ್ಮೇಂದ್ರ. ಗಾಂಧಿಬಜಾರಿನಲ್ಲಿ ತರಕಾರಿ ಅಂಗಡಿ, ವಯಸ್ಸಿನಲ್ಲಿ ಎಂಟು ವರ್ಷ ಚಿಕ್ಕವನು. ಒಂಬತ್ತು ವರ್ಷದಿಂದ ಇಬ್ಬರೂ ಬೆಳಿಗ್ಗೆ ಈಜಿ, ಒಂದು ಬೈಟು ಕಾಫಿ ಕುಡಿದು ಬೇರೆಯಾಗುತ್ತಾರೆ. ಧರ್ಮೇಂದ್ರ ಲೋಟ ಕಚ್ಚಿಕೊಂಡು ಕುಡಿಯುತ್ತಾನೆ. ಬದರೀನಾರಾಯಣರು ಬಿಸಿ ಕಾಫಿಯನ್ನೂ ಎತ್ತಿಯೇ ಬಾಯಿಗೆ ಸುರಿದುಕೊಳ್ಳುತ್ತಾರೆ, ಹನಿ ಚೆಲ್ಲುವುದಿಲ್ಲ. ಎರಡು ವರ್ಷದ ಹಿಂದೆ ಮುರುಡೇಶ್ವರಕ್ಕೆ ಹೋದಾಗ ಅವರನ್ನು ಡೈವಿಂಗಿಗೆಂದು ನೇತ್ರಾಣಿ ದ್ವೀಪದ ದೋಣಿ ಹತ್ತಿಸಿದವನೂ ಧರ್ಮೇಂದ್ರನೇ. ನೀರಿನ ಕೆಳಗೆ ಮೀನಿನ ಹಿಂಡೊಂದು ತಮ್ಮನ್ನು ಸುತ್ತಿಕೊಂಡು ಹೋದದ್ದನ್ನು ನೋಡಿ ಮೇಲೆ ಬಂದವರು, ದೋಣಿಯ ಅಂಚು ಹಿಡಿದು ಮತ್ತೆ ನೀರನ್ನೇ ಬಗ್ಗಿ ನೋಡಿದ್ದರು. ಆಮೇಲೆ, "ಧರ್ಮ, ಇಷ್ಟು ವರ್ಷ ಎಲ್ಲಿದ್ದೆ ನಾನು?" ಅಂದಿದ್ದರು.

ಈ ಡಿಸೆಂಬರಿನಲ್ಲಿ ಅಲ್ಲೇ ಹದಿನೆಂಟು ಮೀಟರ್ ಇಳಿಯಬೇಕೆಂದು ಇಬ್ಬರೂ ಡೈವಿಂಗ್ ಕಲಿಸುವ ತೇಜಶ್ರೀಯ ಬಳಿ ಸೇರಿದ್ದರು. ಗಾಳಿ ಖಾಲಿಯಾದವನಿಗೆ ಜೊತೆಗಾರ ಕೊಡುವುದು ಹೇಗೆ ಎಂಬುದೇ ಮುಖ್ಯ ಪಾಠ. ಅವಳು ಕಲಿಸಿದ ಕ್ರಮದಲ್ಲಿ, ಬಾಯಿಯಲ್ಲಿ ಇರುವ, ಸಿಲಿಂಡರಿನ ಗಾಳಿ ಬರುವ ಮೌತ್‌ಪೀಸನ್ನೇ ತೆಗೆದು ಜೊತೆಗಾರನಿಗೆ ಕೊಡಬೇಕು. ತಾನು ಕುತ್ತಿಗೆಗೆ ಕಟ್ಟಿಕೊಂಡ, ಅದೇ ಸಿಲಿಂಡರಿನ ಇನ್ನೊಂದನ್ನು ಕಚ್ಚಿಕೊಳ್ಳಬೇಕು.

"ಗಾಬರಿಯಾದೋರು ಹೇಗೂ ನಿಮ್ಮ ಬಾಯಲ್ಲಿರೋದಕ್ಕೇ ಕೈ ಹಾಕ್ತಾರೆ ಅಂಕಲ್. ಅದು ಕೆಲಸ ಮಾಡ್ತಿದೆ ಅಂತಾನೂ ಗ್ಯಾರಂಟಿ," ಅಂದಿದ್ದಳು.

ಕೊಳದ ತಳದಲ್ಲಿ ಅಭ್ಯಾಸ ನಡೆಯಿತು. ಬದರೀನಾರಾಯಣರು ಗಾಳಿ ಇಲ್ಲವೆಂದು ಕತ್ತಿನ ಮುಂದೆ ಕೈ ಆಡಿಸಿದರು. ಧರ್ಮೇಂದ್ರ ಕ್ಷಣದಲ್ಲಿ ತನ್ನದನ್ನು ತೆಗೆದು ಚಾಚಿದ. ಅವರು ಅದನ್ನು ಹಿಡಿದುಕೊಂಡರು. ಹಿಡಿದುಕೊಂಡು, ನೀರಿನಲ್ಲಿ ಎರಡು ಸಲ ಅಲುಬಿದರು.

ಹತ್ತು ಅಡಿ ನೀರಿನ ತಳದಲ್ಲಿ ಕೂತು ಮೌತ್‌ಪೀಸ್ ತೊಳೆದರು! ಅವರು ಯೋಚಿಸಿ ಮಾಡಿದ್ದಲ್ಲ, ಅರವತ್ತು ವರ್ಷ ಎಂಜಲು ಮುಟ್ಟದ ಕೈ ತಾನಾಗಿಯೇ ಮಾಡಿತ್ತು. ಅಷ್ಟರಲ್ಲಿ ಉಸಿರು ಮುಗಿದಿತ್ತು. ಒಳಗೆ ತುಂಬಿದ್ದ ನೀರನ್ನು ಊದಿ ಹೊರಹಾಕದೆ ಎಳೆದುಕೊಂಡರು. ತೇಜಶ್ರೀ ತೋಳು ಹಿಡಿದು ಮೇಲಕ್ಕೆ ತಂದಾಗ ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾಗಿದ್ದವು.

ಅವಳು ಅದನ್ನು ಗಾಬರಿ ಎಂದುಕೊಂಡಳು. ಧರ್ಮೇಂದ್ರ ಎದುರಿಗೇ ಇದ್ದವನು, ನೋಡಿದ್ದ.

ಅಂದಿನಿಂದ ಶುರುವಾಯಿತು ಬದರೀನಾರಾಯಣರ ಓಡಾಟ. ಬೆನ್ನಿನ ದೊಡ್ಡದರ ಪಕ್ಕಕ್ಕೆ ಕಟ್ಟಿಕೊಳ್ಳುವ ಪುಟ್ಟ ಸಿಲಿಂಡರ್ ಒಂದಿದೆ, ಅದಕ್ಕೆ ಅದರದೇ ಮೌತ್‌ಪೀಸ್, ಯಾರ ಹಂಗೂ ಇಲ್ಲ ಎಂದು ಓದಿದರು. ಎರಡು ಲೀಟರಿನದಾದರೆ ಹದಿನೆಂಟು ಮೀಟರಿನಿಂದ ನಿಧಾನವಾಗಿ ಮೇಲೆ ಬರಲು ಸಾಕೇ, ಅಂಗೈಯಷ್ಟಿರುವುದು ಎಷ್ಟು ಉಸಿರಿಗೆ ಬರುತ್ತದೆ ಎಂದು ಹಳೆಯ ಡೈರಿಯ ಹನ್ನೊಂದು ಪುಟ ತುಂಬಿಸಿದರು. ತೇಜಶ್ರೀಗೆ ಫೋನ್ ಮಾಡಿ ತರಿಸು ಅಂದರು, ಬೇಡ ಅಂದರು, ಮತ್ತೆ ತರಿಸು ಅಂದರು.

"ಒಳ್ಳೇದೇ ಅಂಕಲ್, ತಗೊಳ್ಳಿ. ಆದ್ರೆ ಅದಿದೆ ಅಂತ ಗಾಳಿ ಹಂಚ್ಕೊಳ್ಳೋ ಅಭ್ಯಾಸ ಬಿಡೋ ಹಾಗಿಲ್ಲ. ಅದು ಬರದೆ ನಾನು ನಿಮ್ಮನ್ನ ನೇತ್ರಾಣಿಗೆ ಇಳಿಸಲ್ಲ," ಅಂದಳು ಅವಳು.

ಹೆಂಡತಿ ಸರಸ್ವತಮ್ಮನಿಗೂ ಸಾಕಾಗಿತ್ತು. "ರೀ, ಆ ಗಾಳಿ ಯೋಚನೇಲಿ ಇಲ್ಲಿರೋ ಗಾಳೀನೂ ಸರಿಯಾಗಿ ಎಳ್ಕೊಳ್ತಿಲ್ಲ ನೀವು. ಧರ್ಮೇಂದ್ರನ್ನೇ ಕೇಳ್ಬಾರ್ದಾ?"

ಕೇಳಲಿಲ್ಲ, ಹೇಳಿದರು. ಬೆಳಗಿನ ಕಾಫಿಯ ಮುಂದೆ ಡೈರಿ ಬಿಡಿಸಿಟ್ಟು ಲೆಕ್ಕವನ್ನೆಲ್ಲ ವಿವರಿಸಿದರು. ಧರ್ಮೇಂದ್ರ ಪೂರ್ತಿ ಕೇಳಿಸಿಕೊಂಡ.

"ಸರಿ ಸಾರ್. ನಿಮ್ಮ ಗಾಳಿ ನಿಂತ್ರೆ ಇದಾಯ್ತು. ನಂದು ನಿಂತ್ರೆ?"

"ಈ ಚಿಕ್ಕದನ್ನೇ ನಿಂಗೆ ಕೊಡ್ತೀನಪ್ಪ."

"ನಿಮ್ಮ ಬಾಯಲ್ಲಿರೋದು ಕೊಡಲ್ಲ?"

"ಕೊರೋನಾ ಆದ್ಮೇಲೆ ಎಲ್ಲಾರೂ ಸ್ವಲ್ಪ ಶುಚಿ ನೋಡ್ತಾರೆ ಕಣಯ್ಯ..."

"ಬಿಡಿ ಸಾರ್." ಧರ್ಮೇಂದ್ರ ಲೋಟ ಕೆಳಗಿಟ್ಟ. "ನಮ್ಮಮ್ಮ ಚಿಕ್ಕಮುನಿಯಮ್ಮ ನಿಮ್ಮ ಬೀದೀಗೇ ಸೊಪ್ಪು ಮಾರೋಕೆ ಬರೋಳು. ಕಾಫಿ ಕೊಡೋರು, ಇಲ್ಲ ಅನ್ನಲ್ಲ. ಕಿಟಕಿ ಮೇಲೆ ಬೋರಲು ಹಾಕಿರೋ ಬೇರೆ ಲೋಟದಲ್ಲಿ. ಕುಡಿದು ತೊಳೆದು ಅಲ್ಲೇ ಇಟ್ಟು ಬರೋಳು. ನಿಮ್ಮ ಈ ಚಿಕ್ಕ ಸಿಲಿಂಡರ್ ಇದ್ಯಲ್ಲ, ಅದು ಆ ಲೋಟ ಸಾರ್."

ಬದರೀನಾರಾಯಣರು ಡೈರಿ ಮಡಚಿದರು. "ಧರ್ಮ, ನಾನು ನನ್ನ ಹೆಂಡತಿ ಲೋಟಾನೂ ಕಚ್ಚಲ್ಲ ಕಣೋ. ನಿನ್ನೊಬ್ಬಂದು ಅಂತಲ್ಲ."

"ಗೊತ್ತು. ಅದಕ್ಕೇ ಮೂರು ವಾರ ಸುಮ್ನಿದ್ದೆ. ಆದ್ರೆ ಕೆಳಗಡೆ ನೀವು ತೊಳೀತಾ ಕೂತ್ರೆ ನಾನು ಮೇಲೆ ಬಂದು ನಿಮ್ಮನೇಲಿ ಏನಂತ ಹೇಳ್ಲಿ?"

ಅವನು ಎದ್ದು ಅಂಗಡಿಗೆ ಹೋದ. ಬದರೀನಾರಾಯಣರು ವಿಶ್ವೇಶ್ವರಪುರಂವರೆಗೆ ಸುಮ್ಮನೆ ನಡೆದುಹೋಗಿ ಸುಮ್ಮನೆ ವಾಪಸ್ ಬಂದರು. ತಾಯಿ ಅಂಬುಜಮ್ಮನ ಕಾಲದ ಕಿಟಕಿಯ ಲೋಟ ಅವರಿಗೂ ನೆನಪಿತ್ತು. ಅಂಚು ನೆಗ್ಗಿದ್ದ ಸ್ಟೀಲ್ ಲೋಟ. ಅದು ಯಾರಿಗೆ ಎಂದು ಅವರು ಒಮ್ಮೆಯೂ ಕೇಳಿರಲಿಲ್ಲ. ಹನ್ನೊಂದು ಪುಟದ ಡೈರಿಯಲ್ಲಿ ಧರ್ಮೇಂದ್ರನ ಉಸಿರಿನ ಲೆಕ್ಕ ಒಂದು ಸಾಲೂ ಇರಲಿಲ್ಲ.

ಭಾನುವಾರ ಅವರೇ ತೇಜಶ್ರೀಗೆ ಫೋನ್ ಮಾಡಿ, ಧರ್ಮೇಂದ್ರನನ್ನೂ ಕರೆಸಿ, ಕೊಳಕ್ಕಿಳಿದರು. ಮೊದಲ ಸಲ ಕೈ ಮತ್ತೆ ತೊಳೆಯಲು ಹೊರಟಿತು. ಧರ್ಮೇಂದ್ರ ಮಣಿಕಟ್ಟು ಹಿಡಿದ. ಬಿಗಿಯಾಗಿ ಅಲ್ಲ, ಸುಮ್ಮನೆ ಹಿಡಿದ. ಅವರು ತಮ್ಮದನ್ನೇ ಬಾಯಿಗಿಟ್ಟುಕೊಂಡು ಎರಡು ನಿಮಿಷ ಸುಧಾರಿಸಿಕೊಂಡು ಮತ್ತೆ ಸನ್ನೆ ಮಾಡಿದರು. ಈ ಸಲ ಧರ್ಮೇಂದ್ರ ಚಾಚಿದಾಗ ಕಣ್ಣು ಮುಚ್ಚಿ ಕಚ್ಚಿಕೊಂಡರು, ಊದಿದರು, ಎಳೆದರು. ರಬ್ಬರು ಇನ್ನೂ ಬೆಚ್ಚಗಿತ್ತು. ಗಾಳಿ ಬಂತು. ಇನ್ನೊಂದು ಉಸಿರು, ಮತ್ತೊಂದು. ಕಣ್ಣು ಬಿಟ್ಟಾಗ ಎದುರಿಗೆ ಕುತ್ತಿಗೆಯ ಮೌತ್‌ಪೀಸ್ ಕಚ್ಚಿಕೊಂಡಿದ್ದ ಧರ್ಮೇಂದ್ರನ ಕಣ್ಣು ನಗುತ್ತಿತ್ತು.

ಮೇಲೆ ಬಂದ ಮೇಲೆ ಅವನೇ ಮೊದಲು ಬಾಯಿಬಿಟ್ಟ. "ಹೆಂಗಿತ್ತು ಸಾರ್? ಬೆಳಿಗ್ಗೆ ಈರುಳ್ಳಿ ದೋಸೆ ತಿಂದಿದ್ದೆ."

"ಗೊತ್ತಾಯ್ತು ಬಿಡಯ್ಯ."

ತೇಜಶ್ರೀಗೆ, ಚಿಕ್ಕ ಸಿಲಿಂಡರ್ ತರಿಸಬೇಡ, ಧರ್ಮೇಂದ್ರನದೇ ಥರದ ಕುತ್ತಿಗೆಯ ಮೌತ್‌ಪೀಸ್ ನನಗೂ ಜೋಡಿಸು ಅಂದರು. ಹೇಳಿ ನಲ್ಲಿಯ ಹತ್ತಿರ ಹೋಗಿ ತಿರುಗಿಸಿದರು. ಬೊಗಸೆಯಲ್ಲಿ ನೀರು ಹಿಡಿದು, ಬಾಯಿ ಮುಕ್ಕಳಿಸಲು ಬಗ್ಗಿದವರು ಹಾಗೇ ನಿಂತರು. ಕೊನೆಗೆ ಅದನ್ನು ಮುಖಕ್ಕೆ ಎರಚಿಕೊಂಡರು. ಒಂದು ಸಲ ಆದದ್ದು ಹದಿನೆಂಟು ಮೀಟರಿನಲ್ಲಿ ಇನ್ನೊಂದು ಸಲ ಆಗುತ್ತದೆಯೇ? ಕೈಯನ್ನು ಅವರು ಇನ್ನೂ ನಂಬಿರಲಿಲ್ಲ.

"ಧರ್ಮ, ನಾಳೇನೂ ಮಾಡೋಣ್ವಾ? ನಾಳೆ ನಾನು ಕೊಡ್ತೀನಿ, ನೀನು ತಗೋ."

"ಏನು ತಿಂದು ಬರ್ತೀರ?"

"ಉಪ್ಪಿಟ್ಟು."

"ಹಂಗಾದ್ರೆ ನಾನು ತೊಳ್ಕೊಂಡೇ ತಗೊಳ್ಳೋದು," ಅಂದ ಧರ್ಮೇಂದ್ರ.