ತೊಟ್ಟಿಲ ಹಲಗೆಯ ಗಿಳಿ

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂಬುದು ನಮ್ಮ ಕಡೆಯ ರೂಢಿ. ಆದರೆ ಬ್ಯಾಡಗಿಯ ನನ್ನ ಬಾಡಿಗೆ ಮನೆಯಲ್ಲಿ ತವರು ಅನ್ನುವಂಥದ್ದು ಏನು ಉಳಿದಿತ್ತು? ಹೆಂಡತಿ ಹಿಂದಿನ ವರ್ಷ ತೀರಿಕೊಂಡಿದ್ದಳು. ಇದ್ದದ್ದು ನಾನು, ನನ್ನ ಉಳಿಗಳು. ಬಸುರಿ ಮಗಳನ್ನು ಕಳಿಸುತ್ತೇವೆ ಎಂದು ಮೇಡ್ಲೇರಿಯ ಬೀಗರು ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಇಲ್ಲಿ ಒಂದು ಚೆಂದದ ತೊಟ್ಟಿಲು ಸಿದ್ಧವಾಗಿದ್ದರೆ ಮನಸ್ಸು ಮಾಡಿಯಾರು ಎಂದುಕೊಂಡೆ. ಬಡಗಿಯ ಬುದ್ಧಿ ಓಡುವುದೇ ಅಷ್ಟು ದೂರ.

ಸಾಗವಾನಿ ಹಲಗೆಯಲ್ಲಿ ಗುಳಿ ತೋಡಿ, ಅದರೊಳಗೆ ಹಲಸಿನ ಮರದ ಹಳದಿ ಗಿಳಿಯನ್ನು ಕೂರಿಸಬೇಕೆಂದು ಹೊರಟೆ. ಈಗ ಇದನ್ನೆಲ್ಲ ಕಂಪ್ಯೂಟರ್ ಯಂತ್ರ ಕೊರೆದುಕೊಡುತ್ತದಂತೆ. ಎಂಬತ್ತರ ದಶಕದಲ್ಲಿ ನನಗಿದ್ದದ್ದು ಚಾಕು, ಉಳಿ. ಮರದ ಎಳೆಗೆ ಅಡ್ಡವಾಗಿ ಅವಸರದಲ್ಲಿ ಉಳಿ ಹೊಡೆದರೆ ಅಂಚು ಸಿಬಿರೆದ್ದು ಹೋಗುತ್ತದೆ. ಮೊದಲ ಹಲಗೆಯಲ್ಲಿ ಕೊಕ್ಕಿನ ಹತ್ತಿರ ಹಾಗೇ ಆಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸಂದಿಗೆ ಮರದ ಹುಡಿ, ಅಂಟು ಕಲಸಿ ತುಂಬಿದರೆ ಗಿರಾಕಿಗೆ ತಿಳಿಯುವುದಿಲ್ಲ. ಮಗಳ ತೊಟ್ಟಿಲಿಗೆ ಆ ಮೋಸ ಬೇಡವೆನಿಸಿತು. ಹೊಸ ಹಲಗೆ ತೆಗೆದುಕೊಂಡೆ. ಗಿಳಿಯ ಗೆರೆಯುದ್ದಕ್ಕೂ ಚಾಕುವನ್ನು ಹಗುರವಾಗಿ ಮತ್ತೆ ಮತ್ತೆ ಎಳೆದು ಮೊದಲು ಎಳೆಗಳನ್ನು ಕತ್ತರಿಸಿದೆ. ಆಮೇಲೆ ನಡುವಿನಿಂದ ಕೆತ್ತುತ್ತ ಬಂದು, ಗೆರೆಯನ್ನು ಕೊನೆಗೆ ಮುಟ್ಟಿದೆ. ಗಿಳಿ ಬಿಗಿಯಾಗಿ ಕೂತಿತು, ಕೂದಲು ತೂರುವಷ್ಟೂ ಸಂದಿಯಿಲ್ಲ.

ತೋರಿಸಲು ಮನೆಯಲ್ಲಿ ಯಾರಿದ್ದರು? ಮೆಣಸಿನಕಾಯಿ ಚೀಲ ಇಳಿಸಿ ಹೋಗುತ್ತಿದ್ದ ಹಮಾಲನೊಬ್ಬನನ್ನು ಕರೆದು ತೋರಿಸಿದೆ. ಅವನು "ಚಲೋ ಆಗೇತ್ರಿ" ಎಂದು ಬೀಡಿ ಹಚ್ಚಿಕೊಂಡು ಹೋದ.

ತೊಟ್ಟಿಲು ಮುಗಿದ ಮುಂದಿನ ವಾರ ಬೀಗರು ಟ್ರ್ಯಾಕ್ಟರಿನಲ್ಲಿ ಬಂದರು. ಗಿಳಿಯ ಮೇಲೆ ಕೈಯಾಡಿಸಿ ಬೆರಗಾದರು.

"ಎಲ್ಲಿ ಜೋಡಿಸೀರಿ ಅನ್ನೂದ ತಿಳೀವಲ್ದಲ್ರಿ ಬೀಗರ! ಇವತ್ತ ಒಯ್ದುಬಿಡ್ತೇವ್ರಿ."

"ಒಯ್ಯೂದ್ಯಾಕ್ರಿ? ಆಕಿ ಇಲ್ಲೇ ಬರ್ತಾಳಲ್ರಿ."

"ಬಾಣಂತನ ನಮ್ಮಲ್ಲೇ ಆಗ್ಲಿ. ನಿಮ್ಮ ಮನ್ಯಾಗ ಹೆಣ್ಮಕ್ಕಳಿಲ್ಲ. ನೀವೊಬ್ಬರ ಏನ್ ಮಾಡ್ತೀರಿ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದಕ್ಕೇ ಸಿಟ್ಟು ಬಂತು. ನಾನೇ ತೊಟ್ಟಿಲನ್ನು ಟ್ರೇಲರಿಗೇರಿಸಿ ಹಗ್ಗ ಬಿಗಿದೆ. ಖಾಲಿ ತೊಟ್ಟಿಲು ತೂಗಬಾರದು ಎನ್ನುತ್ತಾರೆ. ನಮ್ಮಲ್ಲಿ ನಾಮಕರಣದ ದಿನ ಕೂಸಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕುವ ಪದ್ಧತಿಯಿದೆ. ದಾರಿಯುದ್ದಕ್ಕೂ ಅದು ಬರಿದೇ ತೂಗುವುದು ಬೇಡವೆಂದು, ಒರಳಿನಿಂದ ಹೆಂಡತಿಯ ಗುಂಡುಕಲ್ಲನ್ನು ತೆಗೆದು, ಅವಳ ಹಳೆಯ ಸೀರೆಯಲ್ಲಿ ಸುತ್ತಿ ಒಳಗಿಟ್ಟು ಕಳಿಸಿದೆ.

ಆ ರಾತ್ರಿ ಚಟ್ನಿ ಅರೆಯಲು ಹೋದಾಗ ಒರಳು ಬರಿದಾಗಿತ್ತು. ಹಸಿ ಮೆಣಸಿನಕಾಯಿ ಕಚ್ಚಿಕೊಂಡು ರೊಟ್ಟಿ ತಿಂದೆ. ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಬಂತು ಎಂದು ಸುಳ್ಳು ಹೇಳೋಣವೆಂದರೆ, ಯಾಕೆ ಅಳುತ್ತೀ ಎಂದು ಕೇಳುವವರು ಯಾರೂ ಇರಲಿಲ್ಲ.