ಬೈಗುಳ ಸಿಗದ ಹುಡುಗಿ

ಆರನೇ ವರ್ಷದಲ್ಲಿ ಜ್ವರ ಬಂದು ಕಣ್ಣು ಹೋದ ಮೇಲೆ ಚಿಟ್ಟಿಯನ್ನು ಮನೆಯಲ್ಲಿ ಯಾರೂ ಬೈದಿದ್ದಿಲ್ಲ. ಅಣ್ಣಂದಿರಿಬ್ಬರಿಗೂ ಅಪ್ಪನಿಂದ ಬೈಗುಳ ಧಾರಾಳವಾಗಿ ಸಿಗುತ್ತಿತ್ತು. ಇವಳ ಪಾಲಿಗೆ ಬರೀ ‘ಪಾಪ’. ನೆಂಟರು ಬಂದರೆ ‘ಇವಳಿಗೆ ಹಾಲು ಬೇಕಂತಾ?’ ಎಂದು ಪಕ್ಕದಲ್ಲೇ ಕೂತವಳನ್ನು ಬಿಟ್ಟು ಅಮ್ಮನನ್ನು ಕೇಳುತ್ತಿದ್ದರು. ಒಂದು ದಿನ ಮೈಯೆಲ್ಲ ಉರಿದು, ಕೈಯಲ್ಲಿದ್ದ ಗಾಜಿನ ಲೋಟವನ್ನು ಬೇಕೆಂದೇ ಗೋಡೆಗೆ ಎಸೆದಳು. ಅಮ್ಮ ಓಡಿಬಂದು, “ಪಾಪ, ಕೈ ಜಾರ್ತು. ಅವಳಿಗೇನು ಗೊತ್ತಾಗುತ್ತೆ” ಎಂದಳು. ಚಿಟ್ಟಿಗೆ ಅಳು ಬಂದದ್ದು ಆಗ. ಮಾಡಿದ ತಪ್ಪೂ ಅವಳದಲ್ಲವಂತೆ!

ಹತ್ತನೇ ವರ್ಷಕ್ಕೆ ಅಂಧ ಮಕ್ಕಳ ವಸತಿ ಶಾಲೆಗೆ ಬಂದಳು. ಉದ್ದನೆಯ ಕೋಣೆಯಲ್ಲಿ ಹದಿನಾಲ್ಕು ಮಂಚ, ಕೊನೆಯದು ಇವಳದು. ಯಾರೂ ಮಾತಾಡಿಸಲಿಲ್ಲ. ಉಬ್ಬು ಚುಕ್ಕಿಗಳನ್ನು ಬೆರಳಿಂದ ತಡವಿ ಓದುವ ಬ್ರೈಲ್ ತರಗತಿಯಲ್ಲಿ ಇವಳು ಒಂದು ಸಾಲಿಗೆ ತಡಕಾಡುವಷ್ಟರಲ್ಲಿ ಪಕ್ಕದಲ್ಲಿದ್ದ, ಎಲ್ಲರೂ ಉದ್ದಜಡೆ ಎಂದು ಕರೆಯುತ್ತಿದ್ದ ಹುಡುಗಿ ಪುಟವನ್ನೇ ಮುಗಿಸಿ ಕಿಸಕ್ಕೆಂದಳು. ಚಿಟ್ಟಿ ಅವಳ ಹಾಳೆಯನ್ನು ಕಿತ್ತು ಪರಪರನೆ ಹರಿದಳು.

“ಯಾರು ಹರಿದಿದ್ದು?” ಟೀಚರ್ ಕೇಳಿದರು. ಅವರಿಗೂ ಕಣ್ಣಿರಲಿಲ್ಲ.

“ನಂಗೆ ಗೊತ್ತಾಗ್ಲಿಲ್ಲ ಮಿಸ್...” ಎಂದಳು ಚಿಟ್ಟಿ.

“ಸುಳ್ಳು ಹೇಳ್ಬೇಡ. ಕಣ್ಣಿಗೆ ಕಾಣ್ದೇ ಇದ್ರೂ ಕೈಗೆ ಗೊತ್ತಿರುತ್ತೆ. ಆ ಪುಟ ನೀನೇ ಬರೆದುಕೊಡು.”

ಕಿವಿ ಬಿಸಿಯಾಯಿತು. ಆದರೆ ಅದರ ಜೊತೆಗೇ ಏನೋ ಹಗುರವೂ ಆಯಿತು. ನಾಲ್ಕು ವರ್ಷಗಳಲ್ಲಿ ಅವಳನ್ನು ಮನುಷ್ಯಳೆಂದು ಎಣಿಸಿ ಬೈದವರು ಇವರೊಬ್ಬರೇ.

ಟೀಚರ್ ಪಕ್ಕದಲ್ಲಿ ಕೂತರು. “ಸಿಟ್ಟು ಮೊದಲು ಎಲ್ಲಿ ಬರುತ್ತೆ?”

“ಕಿವೀಲಿ.”

“ಹಾಗಾದ್ರೆ ಕಿವಿ ಬಿಸಿಯಾದಾಗ ಕೈ ಕಟ್ಟಿ ಕೂತ್ಕೋ. ಉಸಿರು ನಿಧಾನ ಆದ್ಮೇಲೆ ಬಾಯಿ ತೆಗಿ. ನಾನೂ ಹಾಗೇ ಮಾಡ್ತೀನಿ.”

ಹರಿದ ಚೂರುಗಳನ್ನು ತಡವಿ ನೋಡುತ್ತ, ಬ್ರೈಲ್ ಬರೆಯುವ ಮೊಳೆಯಿಂದ ಚುಕ್ಕಿ ಚುಚ್ಚಿ ಚುಚ್ಚಿ ಪುಟ ಮುಗಿಸಲು ಎರಡು ದಿನ ಹಿಡಿಯಿತು. ಬೆರಳ ತುದಿ ಕೆಂಡವಾಗಿತ್ತು. ಉದ್ದಜಡೆ ಸರಸರನೆ ಓದಿ, “ಎರಡು ತಪ್ಪಿದೆ” ಎಂದಳು. ಕಿವಿ ಮತ್ತೆ ಬಿಸಿಯಾಯಿತು. ಚಿಟ್ಟಿ ಕೈ ಕಟ್ಟಿದಳು; ಉಸಿರು ಎಳೆದಳು, ಬಿಟ್ಟಳು, ಮತ್ತೆ ಎಳೆದಳು.

“ಎಲ್ಲಿ? ತೋರಿಸು.”

ಉದ್ದಜಡೆ ಅವಳ ಬೆರಳನ್ನು ಆ ಜಾಗಕ್ಕಿಟ್ಟು ಆಟಕ್ಕೆ ಓಡಿದಳು. ಹೊರಗೆ ಗೆಜ್ಜೆ ಕಟ್ಟಿದ ಚೆಂಡಿನ ಸದ್ದು, ಕೇಕೆ. ಚಿಟ್ಟಿ ಒಬ್ಬಳೇ ಹೆಚ್ಚಾಗಿ ಬಿದ್ದಿದ್ದ ಚುಕ್ಕಿಗಳನ್ನು ಉಗುರಿನಿಂದ ಒತ್ತಿ ಅಳಿಸಿದಳು. ಆಮೇಲೆ ಗೋಡೆ ಹಿಡಿದು ಅಂಗಳಕ್ಕೆ ಹೋಗಿ, “ನಾನೂ ಬರ್ತೀನಿ” ಎಂದಳು.

“ಇವತ್ತಿನ ಆಟ ಮುಗೀತಲ್ಲ” ಎಂದಿತು ಯಾವುದೋ ಧ್ವನಿ. “ನಾಳೆ ಬೇಗ ಬಾ.”

ಹೆಜ್ಜೆಗಳು ಒಂದೊಂದಾಗಿ ಒಳಗೆ ಹೋದವು. ಅಂಗಳ ಬರಿದಾದ ಮೇಲೂ ಅವಳು ಅಲ್ಲೇ ನಿಂತಿದ್ದಳು.