ಊರು ಕೇಳುವ ಸ್ಕ್ರೀನು

ನನ್ನ ಕೆಲಸ ಏನೆಂದು ಮನೆಯವರಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಸಾಫ್ಟ್‌ವೇರ್ ಬರೆಯುವವಳಲ್ಲ, ಅಳೆಯುವವಳು ಎಂದರೆ, ಬಟ್ಟೆ ಅಂಗಡಿಯಲ್ಲಿ ಟೇಪು ಹಿಡಿದು ನಿಂತಿರುತ್ತೇನೇನೋ ಎಂಬಂತೆ ನೋಡುತ್ತಾರೆ. ಪೂರ್ತಿ ತಪ್ಪೇನಲ್ಲ. ಹಳೆಯ ಸಾಫ್ಟ್‌ವೇರಿನಲ್ಲಿ ಬದಲಾವಣೆ ಮಾಡುವ ಮೊದಲು ಆ ಬದಲಾವಣೆ ಎಷ್ಟು ದೊಡ್ಡದು ಎಂದು ಹೇಳಬೇಕು. ಬಳಸುವವರ ಕಣ್ಣಿಗೆ ಹೊಸದಾಗಿ ಸೇರುವುದೇನು, ಬದಲಾಗುವುದೇನು, ಹೋಗುವುದೇನು ಎಂದು ಪಟ್ಟಿ ಮಾಡಿ, ಒಂದೊಂದಕ್ಕೂ ನಿಯಮದ ಪ್ರಕಾರ ಅಂಕ ಹಾಕಿ ಕೂಡಿಸುತ್ತೇವೆ. ಆ ಅಂಕಕ್ಕೆ ಫಂಕ್ಷನ್ ಪಾಯಿಂಟ್ ಎಂದು ಹೆಸರು; ಗಿರಾಕಿಗೆ ಹೋಗುವ ಬಿಲ್ಲು ಅದರ ಮೇಲೆಯೇ. ತೆಗೆದುಹಾಕಿದ್ದಕ್ಕೂ ಅಂಕ ಉಂಟು. ಕೀಳುವುದೂ ಕೆಲಸವೇ ತಾನೆ.

ಇದನ್ನು ನನಗೆ ಕಲಿಸಿದವರು ಆಫೀಸಿನ ಹಿರಿಯರೊಬ್ಬರು, ಮರಾಠಿಯವರು, ಮಹಾ ಊಟಪ್ರಿಯರು. ಶನಿವಾರ ಗ್ರಾಂಟ್ ರೋಡಿನ ಉಡುಪಿ ಹೋಟೆಲಿಗೆ ಕರೆದುಕೊಂಡು ಹೋಗಿ, ಮಸಾಲೆ ದೋಸೆಯ ಮುಂದೆ ಪಾಠ ಮಾಡುತ್ತಿದ್ದರು. ಗಿರಾಕಿ ಏನು ಕೇಳಿದ, ಟೇಬಲಿಗೆ ಏನು ಬಂತು, ಅಷ್ಟನ್ನೇ ಎಣಿಸು. ಅಡುಗೆಮನೆಯಲ್ಲಿ ಎಷ್ಟು ಹೊತ್ತು ರುಬ್ಬಿದರು ಎಂಬುದು ನಮಗೆ ಬೇಡ, ಎಂದರು. ನನಗೆ ಮೈ ಉರಿಯಿತು. ನನ್ನ ಅಪ್ಪ ಅದೇ ಬೀದಿಯ ಇನ್ನೊಂದು ಹೋಟೆಲಿನಲ್ಲಿ ಇಪ್ಪತ್ತೈದು ವರ್ಷ ಹಿಟ್ಟು ರುಬ್ಬಿದವರು. ಹಾಗಾದರೆ ಅವರದ್ದು ಸೊನ್ನೆಯಾ ಎಂದು ಕೇಳಿಯೇಬಿಟ್ಟೆ. ಹಿರಿಯರು ಚಟ್ನಿ ಬಟ್ಟಲನ್ನು ನನ್ನ ಕಡೆ ಸರಿಸಿ, ಅಳತೆಯಲ್ಲಿ ಸೊನ್ನೆ ಇರಬಹುದು, ಆದರೆ ಯಾವ ಗಿರಾಕಿಯನ್ನೂ ಕೇಳದೆ ಎಣಿಸಬೇಡ, ಅಷ್ಟು ನೆನಪಿಟ್ಟುಕೋ, ಎಂದರು. ನೆನಪಿಟ್ಟುಕೊಳ್ಳಲಿಲ್ಲ.

ಆಗ ನಾನು ಮಲಾಡಿನಿಂದ ಬಾಂದ್ರಾಕ್ಕೆ ಬೋರಿವಲಿ ಸ್ಲೋ ಲೋಕಲಿನಲ್ಲಿ ಹೋಗುತ್ತಿದ್ದೆ. ಲೇಡೀಸ್ ಡಬ್ಬಿಯಲ್ಲಿ ಒಬ್ಬ ಅಕ್ಕ ಬೋರಿವಲಿಯಲ್ಲೇ ಹತ್ತಿ, ಕಿಟಕಿಯ ಪಕ್ಕ ತನ್ನ ಚೀಲ ಇಟ್ಟು ನನಗೆ ಜಾಗ ಹಿಡಿಯುತ್ತಿದ್ದಳು. ಬಿಜಾಪುರದ ಕಡೆಯವಳು, ನನಗಿಂತ ಹದಿನೈದು ವರ್ಷ ದೊಡ್ಡವಳು. ಅವಳ ಮಂಡಿನೋವು, ಮಗಳ ಪರೀಕ್ಷೆ, ಶೇಂಗಾ ಚಟ್ನಿಗೆ ಎಷ್ಟು ಬೆಳ್ಳುಳ್ಳಿ, ಎಲ್ಲ ನನಗೆ ಗೊತ್ತಿತ್ತು. ನಾನು ಬಾಂದ್ರಾದಲ್ಲಿ ಇಳಿದರೆ ಅವಳು ಮುಂದಿನ ಮಾಹಿಮಿನಲ್ಲಿ ಇಳಿಯುತ್ತಾಳೆ ಎಂಬುದೂ ಗೊತ್ತಿತ್ತು. ಅಲ್ಲಿಂದ ಎಲ್ಲಿಗೆ ಹೋಗುತ್ತಾಳೆ ಎಂದು ಆರು ವರ್ಷ ನಾನು ಕೇಳಿರಲಿಲ್ಲ. ಟ್ರೇನಿನ ಗೆಳೆತನವೇ ಹಾಗೆ. ನನ್ನ ಫೋನಿನಲ್ಲಿ ಅವಳ ಹೆಸರು 'ಅಕ್ಕ ಟ್ರೇನ್'.

ಆರನೆಯ ವರ್ಷ ನನ್ನ ಕೈಗೆ ಒಂದು ಧರ್ಮಾರ್ಥ ಟ್ರಸ್ಟಿನ ದವಾಖಾನೆಗಳ ಸಾಫ್ಟ್‌ವೇರ್ ಬಂತು. ರೋಗಿಗಳನ್ನು ಇನ್ನು ಮೊಬೈಲ್ ನಂಬರಿನಿಂದ ಹುಡುಕುವ ಹಾಗೆ ಮಾಡಬೇಕು, ಹಳೆಯ ಕೆಲವನ್ನು ತೆಗೆಯಬೇಕು. ತೆಗೆಯುವುದರಲ್ಲಿ ಒಂದು ವಿಚಿತ್ರ ಸ್ಕ್ರೀನು ಇತ್ತು: ಊರಿನ ಹೆಸರು ಹೊಡೆದರೆ ಆ ಊರಿನ ರೋಗಿಗಳನ್ನು ತೋರಿಸುವುದು. ಬಾಂದ್ರಾದ ಟ್ರಸ್ಟ್ ಆಫೀಸಿನ ಎಸಿ ರೂಮಿನಲ್ಲಿ ಕೂತವರು, ಅದನ್ನು ಯಾರೂ ಬಳಸುವುದಿಲ್ಲ ಎಂದರು. ನಾನು ತಲೆಯಾಡಿಸಿ, ಅಂಕ ಮೂರು ಎಂದು ಬರೆದು, ಸಹಿ ಹಾಕಿಸಿಕೊಂಡೆ. ಅದನ್ನು ಬಳಸುವ ದವಾಖಾನೆ ಧಾರಾವಿಯಲ್ಲಿತ್ತು. ಒಂದೇ ಸ್ಟೇಷನ್ನು ಮುಂದೆ ಹೋಗಲು ನನಗೆ ಸೋಮಾರಿತನ.

ಮರುದಿನ ಟ್ರೇನಿನಲ್ಲಿ ಅದನ್ನೇ ತಮಾಷೆಯಾಗಿ ಹೇಳಿದೆ. "ಊರಿನ ಹೆಸರಲ್ಲಿ ಪೇಶಂಟ್ ಹುಡುಕುದಂತೆ ಅಕ್ಕ! ಅದೆಂಥ ಕಥೆ ಮಾರ್ರೆ. ತೆಗೆದು ಬಿಸಾಡ್ಲಿಕ್ಕೆ ಬರ್ದುಕೊಟ್ಟೆ."

ಅಕ್ಕ ನಗಲಿಲ್ಲ. ಬಟಾಣಿ ಸುಲಿಯುತ್ತಿದ್ದ ಕೈ ನಿಂತಿತು.

"ಧಾರಾವಿ ದವಾಖಾನಿದಾ?"

"ಹೌದು. ನಿಮಗೆ ಹೇಗೆ ಗೊತ್ತು?"

"ಅದು ನಂದ ಸ್ಕ್ರೀನು ಯವ್ವಾ. ಹದಿನಾಕು ವರ್ಷ ಆತು, ಅಲ್ಲಿ ಬಂದ ಪೇಶಂಟರ ಹೆಸರು ಬರಕೊಂಡು ಕೇಸ್ ಪೇಪರ್ ಮಾಡಾಕಿ ನಾನ."

ನನ್ನ ಮುಖ ಹುಳ್ಳಗಾಯಿತು. ಅಕ್ಕ ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಟಾಣಿಯ ಚೀಲದ ಬಾಯಿ ಕಟ್ಟುತ್ತಾ, "ಮಂದಿ ನಂಬರ್ ಬದಲಸ್ತಾರ, ಖೋಲಿ ಬದಲಸ್ತಾರ. ಊರು ಯಾರ್ ಬದಲಸ್ತಾರ ಹೇಳು? ಅದು ಹೋದ್ರ ಹಳೇ ಪೇಪರ್ ನಾ ಹೆಂಗ ಹುಡುಕ್ಲಿ?" ಎಂದಳು. ಅಷ್ಟರಲ್ಲಿ ಬಾಂದ್ರಾ ಬಂತು. ನಾನು ಇಳಿಯಲಿಲ್ಲ.

ಮಾಹಿಮಿನಿಂದ ಅವಳ ಹಿಂದೆ ನಡೆದೆ. ಚರ್ಮದ ಕೆಲಸದ ಪುಟ್ಟ ಪುಟ್ಟ ಕಾರ್ಖಾನೆಗಳ ನಡುವೆ ಒಬ್ಬರೇ ಹೋಗುವಷ್ಟು ಗಲ್ಲಿ, ಮಂಡಿನೋವಿನ ಅಕ್ಕ ನನಗಿಂತ ಬೇಗ ನಡೆದಳು. ದವಾಖಾನೆಯ ಕಿಟಕಿಯ ಹಿಂದೆ ಅವಳ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂತೆ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಅದನ್ನು ಕಂಡು, "ಮೊದ್ಲ ನಿನ್ ಪೇಪರ್ ಮಾಡ್ತೀನಿ, ಡಾಕ್ಟರ್ ಗುಳಿಗಿ ಕೊಡ್ತಾರ. ನಿನ್ ಊರು?" ಎಂದಳು.

"ಮಲಾಡ್."

"ಮಲಾಡೇನ್ ಊರ? ನಿಮ್ಮಪ್ಪಂದು ಹೇಳು."

ಕಾರ್ಕಳದ ಹತ್ತಿರದ ಹಳ್ಳಿಯ ಹೆಸರು ಹೇಳಿದೆ. ಬೆರಳೊಂದರಲ್ಲಿ ಹುಡುಕಿ ಹುಡುಕಿ ಹೊಡೆದಳು. ಆ ಊರಿನವರು ಯಾರೂ ಇರಲಿಲ್ಲ. "ನೀನ ಮೊದಲ್ನೇಕಿ," ಎಂದು ಇನ್ನೂ ಏನೇನೋ ತುಂಬಿಸಿದಳು. ನಾನು ನೋಡಲಿಲ್ಲ, ಕಣ್ಣು ಮುಚ್ಚಿ ಹಣೆ ಒತ್ತಿಕೊಂಡಿದ್ದೆ.

ಹತ್ತು ಗಂಟೆಯ ಹೊತ್ತಿಗೆ ಕಟ್ಟಡ ಕೆಲಸದ ಒಬ್ಬ ಹೆಂಗಸು ಬಂದಳು. ಕಾಲಿಗೆ ಮೊಳೆ ಚುಚ್ಚಿ ಕೀವಾಗಿತ್ತು. ಎಂಟು ತಿಂಗಳು ಊರಿಗೆ ಹೋಗಿದ್ದಳಂತೆ. ಹಳೆಯ ಚೀಟಿ ಇಲ್ಲ, ನಂಬರು ಹೊಸದು. ಅಕ್ಕ ಊರು ಕೇಳಿದಳು, ಹೊಡೆದಳು, ಹನ್ನೊಂದು ಹೆಸರು ಬಂದವು. ಗಂಡನ ಹೆಸರು ಕೇಳಿ ಒಂದನ್ನು ತೆರೆದಳು. ಪೆನಿಸಿಲಿನ್ ಈಕೆಗೆ ಆಗಿಬರುವುದಿಲ್ಲ ಎಂದು ಕೆಂಪಕ್ಷರದಲ್ಲಿತ್ತು. ಅಕ್ಕ ಆ ಕಾಗದ ಹಿಡಿದು ಡಾಕ್ಟರ ರೂಮಿಗೆ ತಾನೇ ಹೋದಳು. ನಾನು ಸ್ಟೂಲಿನ ಮೇಲೆ ಕೂತೇ ಇದ್ದೆ. ಆ ಹೆಂಗಸನ್ನು ಹೊಸ ರೋಗಿ ಮಾಡಲು ಹೊರಟವಳು ನಾನೇ ಅಲ್ಲವೇ?

ಬಾಂದ್ರಾಕ್ಕೆ ವಾಪಸು ಹೋಗಿ ಸಹಿಯಾದ ಎಣಿಕೆಯನ್ನು ಮತ್ತೆ ಬಿಚ್ಚಿದೆ. ಮ್ಯಾನೇಜರು ರೇಗಿದರು, ಟ್ರಸ್ಟಿನವರು ಮುಖ ಗಂಟಿಕ್ಕಿದರು. ಪೆನಿಸಿಲಿನ್ ಕಥೆ ಹೇಳಿದ ಮೇಲೆ ಯಾರೂ ಎದುರಾಡಲಿಲ್ಲ. ಸ್ಕ್ರೀನು ಉಳಿಯಿತು, ಒಟ್ಟು ಅಂಕದಲ್ಲಿ ಮೂರು ಕಡಿಮೆಯಾಯಿತು. ನಮ್ಮ ಹಿರಿಯರು ಮಾತ್ರ ಆ ಶನಿವಾರ ನನಗೆ ಎರಡು ದೋಸೆ ಕೊಡಿಸಿದರು.

ಟ್ರೇನಿನಲ್ಲಿ ಅಕ್ಕನಿಗೂ ಹೇಳಿದೆ.

"ತೆಗೆದಿದ್ರ ಎಷ್ಟ ಬರ್ತಿತ್ತು?"

"ಮೂರು."

"ಈಗ ಇಟ್ಟಿದ್ದಕ್ಕ?"

"ಸೊನ್ನೆ, ಅಕ್ಕ. ಇದ್ದದ್ದನ್ನು ಹಾಗೇ ಬಿಟ್ರೆ ಲೆಕ್ಕಕ್ಕೆ ಬರುದಿಲ್ಲ."

"ಭಾರೀ ಲೆಕ್ಕ ಬಿಡ ನಿಂದು," ಎಂದು ನಕ್ಕು, ಬಟಾಣಿಯ ಚೀಲವನ್ನು ನನ್ನ ತೊಡೆಯ ಮೇಲಿಟ್ಟಳು. ಇಬ್ಬರೂ ಸೇರಿ ಸುಲಿದೆವು. ಆ ಬೆಳಗುಗಳನ್ನು ನೆನೆದರೆ ಈಗಲೂ ಮೂಗಿಗೆ ಹಸಿ ಬಟಾಣಿಯ ವಾಸನೆ ಬರುತ್ತದೆ.

ಆಮೇಲೆ ಲಾಕ್‌ಡೌನ್ ಬಂತು, ಲೋಕಲುಗಳು ನಿಂತವು. ಮೊದಮೊದಲು ಫೋನಿನಲ್ಲಿ ಮಾತಾಡುತ್ತಿದ್ದೆವು. ನನ್ನ ಫೋನು ಕಳೆದುಹೋಯಿತು. ಅದರ ಜೊತೆ ನಂಬರೂ ಹೋಯಿತು, 'ಅಕ್ಕ ಟ್ರೇನ್' ಕೂಡ. ಟ್ರೇನು ಶುರುವಾದ ಮೇಲೆ ಅದೇ ಡಬ್ಬಿ ಹತ್ತಿ ನೋಡಿದೆ. ಕಿಟಕಿಯ ಬಳಿ ಬೇರೆ ಯಾರೋ ಕೂತಿದ್ದರು. ಒಂದು ಸ್ಟೇಷನ್ನು ಮುಂದೆ ಹೋಗಿ ದವಾಖಾನೆಯಲ್ಲಿ ಕೇಳೋಣ ಎಂದುಕೊಂಡೆ, ನಾಳೆ ನಾಳೆ ಎಂದು ಹೋಗಲೇ ಇಲ್ಲ.

ಹೋದ ತಿಂಗಳು ಅದೇ ಸಾಫ್ಟ್‌ವೇರಿನ ಮತ್ತೊಂದು ಬದಲಾವಣೆ ನನ್ನ ಪಾಲಿಗೆ ಬಂತು. ಈಗ ನಾನು ಎಣಿಸುವ ಮೊದಲು ಹೋಗಿ ಕೂರುತ್ತೇನೆ. ಅಕ್ಕನ ಕುರ್ಚಿಯಲ್ಲಿ ಒಬ್ಬ ಹುಡುಗಿ ಇದ್ದಳು, ಕನ್ನಡ ಅರ್ಥವಾಗುತ್ತದೆ, ಮಾತೆಲ್ಲ ಹಿಂದಿ. ಅಕ್ಕ ಲಾಕ್‌ಡೌನ್ ಹೊತ್ತಿನಲ್ಲೇ ರಿಟೈರ್ ಆಗಿ ಮಗಳ ಜೊತೆ ಎಲ್ಲಿಗೋ ಹೋದಳಂತೆ. ಹುಡುಕುವುದನ್ನು ತೋರಿಸು ಎಂದಾಗ ಹುಡುಗಿ ನನ್ನ ನಂಬರ್ ಹೊಡೆದಳು. ಏನೂ ಬರಲಿಲ್ಲ.

"ದೀದಿ, ಆಪ್ಕಾ ಗಾಂವ್?"

ಅಪ್ಪನ ಊರು ಹೇಳಿದೆ. ಒಂದೇ ಹೆಸರು ಬಂತು, ನನ್ನದು. ರೋಗ: ತಲೆನೋವು. ವಿಳಾಸ: ಬೋರಿವಲಿ ಸ್ಲೋ, ಲೇಡೀಸ್, ಕಿಟಕಿ. ಹತ್ತಿರದ ಸಂಬಂಧಿಯ ಜಾಗದಲ್ಲಿ ಅಕ್ಕನ ಹೆಸರು, ಸಂಬಂಧ: ಅಕ್ಕ, ಮತ್ತು ಒಂದು ಮೊಬೈಲ್ ನಂಬರ್.

ಅಲ್ಲೇ ಫೋನ್ ಮಾಡಿದೆ. ಆ ನಂಬರ್ ಚಾಲ್ತಿಯಲ್ಲಿಲ್ಲ ಎಂದು ಮರಾಠಿಯಲ್ಲಿ, ಹಿಂದಿಯಲ್ಲಿ ಹೇಳಿತು. ಟ್ರಸ್ಟ್ ಆಫೀಸಿನವರ ಬಳಿ ಇದ್ದದ್ದೂ ಅದೇ ನಂಬರು. ನನ್ನ ಮುಖ ನೋಡಿ ಹುಡುಗಿಗೆ ಪಾಪ ಅನಿಸಿರಬೇಕು. ಅಕ್ಕನ ಹೆಸರಲ್ಲೂ ಇಲ್ಲಿ ಪೇಪರ್ ಇರಬಹುದು, ಆಮೇಲಿನ ನಂಬರ್ ಸಿಕ್ಕರೂ ಸಿಗಬಹುದು, ಆ ಹೆಸರಿನವರು ಇಲ್ಲಿ ನೂರಾರು ಇದ್ದಾರೆ, ಊರು ಹೇಳಿ, ಹುಡುಕಿಕೊಡುತ್ತೇನೆ ಎಂದು ಕೀಬೋರ್ಡಿನ ಮೇಲೆ ಕೈ ಇಟ್ಟು ಕಾದಳು.

ಬಿಜಾಪುರದ ಕಡೆ ಎಂದಷ್ಟೇ ಗೊತ್ತಿತ್ತು. ಆರು ವರ್ಷದಲ್ಲಿ ನಾನು ಅಕ್ಕನ ಊರು ಯಾವುದೆಂದು ಒಂದು ದಿನವೂ ಕೇಳಿರಲಿಲ್ಲ.